ನಾವೇ ಅಳೆದ ರಸ್ತೆ

ಸ್ವಲ್ಪ ನಿಲ್ಲಿ, ಇದೊಂದು ಕೇಳಿಬಿಟ್ಟು ಹೋಗಿ. ನಡುವೆ ಬಾಯಿ ಹಾಕಬೇಡಿ, ಬೈಯುವುದಿದ್ದರೆ ಕೊನೆಗೆ ಬೈಯಿರಿ.

ನಾನು ಹಳ್ಳಿ ಶಾಲೆಯ ಟೀಚರ್. ಎರಡು ಕೋಣೆ, ಒಂದು ಜಗಲಿ, ಅಡುಗೆಗೆ ತಗಡಿನ ಚಪ್ಪರ, ಅಷ್ಟೇ ಶಾಲೆ. ಆದರೆ ಊರಿನಲ್ಲಿ ಏನೇ ನಡೆಯಬೇಕಿದ್ದರೂ ಅಲ್ಲೇ ನಡೆಯಬೇಕು. ನರ್ಸ್ ಬಂದರೆ ಚುಚ್ಚುಮದ್ದು ಜಗಲಿಯ ಮೇಲೆ. ನೀರಿನ ಜಗಳವಾದರೆ ದೊಡ್ಡವರೆಲ್ಲ ಒಂದನೇ ಕ್ಲಾಸಿನ ಪುಟಾಣಿ ಬೆಂಚುಗಳಲ್ಲಿ, ಮಂಡಿ ಗದ್ದಕ್ಕೆ ತಾಗಿಸಿಕೊಂಡು ಕೂತು ತೀರ್ಮಾನ ಮಾಡುತ್ತಿದ್ದರು. ಸಂಜೆ ಹೆಂಗಸರು ಓದು ಕಲಿಯಲು ಬರುತ್ತಿದ್ದರು. ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದವರು ನಮ್ಮ ಶಾಲೆಯ ಅಡುಗೆ ಅಕ್ಕ.

ಇಲ್ಲದ್ದು ರಸ್ತೆ ಮಾತ್ರ. ಮಳೆ ಬಂದರೆ ದಾರಿಯಲ್ಲಿ ಮೊಣಕಾಲುದ್ದ ಕೆಸರು. ನನಗೋ ಹುಮ್ಮಸ್ಸು! ಉದ್ದಳತೆಯ ಪಾಠವನ್ನು ಹೊರಗೇ ಮಾಡೋಣ ಎಂದು ಮಕ್ಕಳ ಕೈಗೆ ಹಗ್ಗ ಕೊಟ್ಟು ಇಡೀ ದಾರಿ ಅಳೆಸಿದೆ. ಟೈಲರ್ ಮಾವ ಕುತ್ತಿಗೆಯಲ್ಲಿ ಟೇಪು ನೇತಾಡಿಸಿಕೊಂಡೇ ಓಡಿ ಬಂದರು.

"ಟೀಚರೇ, ನಿಮ್ಮ ಹಗ್ಗ ಎಳೆದ್ರೆ ಹಿಗ್ಗುತ್ತೆ. ರಸ್ತೆನೂ ಪ್ಯಾಂಟೂ ಒಂದೇ ಕಣಮ್ಮ, ಅಳತೆ ತಪ್ಪಿದ್ರೆ ಕೂರೋ ಹೊತ್ತಿಗೆ ಪರ್ ಅನ್ನುತ್ತೆ!"

ಮಕ್ಕಳು ಬಿದ್ದು ಬಿದ್ದು ನಕ್ಕರು. ನಕ್ಷೆಯನ್ನೂ ಅವರೇ ಬರೆದರು. ಎಲ್ಲಿ ಗುಂಡಿ, ಎಲ್ಲಿ ನೀರು ನುಗ್ಗುತ್ತದೆ ಎಂದು ಬಣ್ಣ ತುಂಬಿದವಳು ಅಡುಗೆ ಅಕ್ಕನ ಮಗಳು ಗುಬ್ಬಿ. ರಸ್ತೆ ಬೇಕೆಂಬ ಅರ್ಜಿಯ ಜೊತೆ ಅದನ್ನೇ ತಾಲ್ಲೂಕು ಕಚೇರಿಗೆ ಕಳಿಸಿದೆವು. ನಂಬುತ್ತೀರೋ ಇಲ್ಲವೋ, ರಸ್ತೆ ಬಂತು!

ರಸ್ತೆಯ ಬೆನ್ನಿಗೇ ಹಳದಿ ವ್ಯಾನ್ ಬಂತು. ಪೇಟೆಯ ದೊಡ್ಡ ಶಾಲೆಯದು. ಮೊದಲು ಹತ್ತಿದವನು ಟೈಲರ್ ಮಾವನ ಮಗ.

"ಏನ್ ಮಾವಾ, ನೀವೇನಾ ಮೊದ್ಲು?" ಅಂಗಡಿಗೇ ಹೋಗಿ ಕೇಳಿದೆ.

ಅವರು ತಲೆ ಎತ್ತದೆ ಸೂಜಿಗೆ ದಾರ ಪೋಣಿಸುತ್ತಿದ್ದರು. "ಬೇಜಾರು ಮಾಡ್ಕೋಬೇಡಿ. ರಸ್ತೆ ಆದ್ರೆ ಮಕ್ಕಳು ಮುಂದೆ ಬರ್ತಾರೆ ಅಂತ ಗಂಟಲು ಹರ್ಕೊಂಡೋರು ನೀವೇ ಅಲ್ವಾ?"

ಅವರು ಹೇಳಿದ್ದರಲ್ಲಿ ತಪ್ಪೇನಿತ್ತು?

ಒಬ್ಬೊಬ್ಬರಾಗಿ ಹೋದರು. ಕೊನೆಗೆ ಉಳಿದದ್ದು ಹತ್ತೇ ಮಕ್ಕಳು, ವ್ಯಾನಿನ ದುಡ್ಡು ಕಟ್ಟಲಾಗದ ಮನೆಗಳವರು. ಇನ್ಸ್‌ಪೆಕ್ಟರ್ ಶಾಲೆಯ ತಪಾಸಣೆಗೆ ಬಂದು ಜಗಲಿಯಲ್ಲಿ ಕೂತು ನೀರು ಕುಡಿದರು. ಒಳ್ಳೆಯ ಮನುಷ್ಯ, ಅದೇ ನೋಡಿ ಕಷ್ಟ, ಬೈಯುವಂತೆಯೂ ಇಲ್ಲ.

"ಹತ್ತಕ್ಕೆ ಒಂದು ತಲೆ ಕಮ್ಮಿಯಾದ್ರೂ ಬೀಗ ಹಾಕ್ಲೇಬೇಕು, ಟೀಚರ್. ನನ್ನ ಕೈಲೇನೂ ಇಲ್ಲ."

ಆ ವಾರವೇ ಸುದ್ದಿ ಬಂತು. ದೊಡ್ಡ ಶಾಲೆಗೆ ಸೇರುವ ಪರೀಕ್ಷೆಯಲ್ಲಿ ಗುಬ್ಬಿ ಎಲ್ಲರಿಗಿಂತ ಮೇಲೆ. ಫೀಸಿಲ್ಲ, ವ್ಯಾನೂ ಪುಕ್ಕಟೆ. ಅವಳನ್ನು ಪರೀಕ್ಷೆಗೆ ಕೂರಿಸಿದವಳು ಯಾರು ಅಂತೀರಿ? ನಾನೇ!

ಅಡುಗೆ ಅಕ್ಕ ಸೌಟು ಹಿಡಿದುಕೊಂಡೇ ಕ್ಲಾಸಿನೊಳಗೆ ಬಂದರು.

"ನೀವೇ ಹೇಳಿ ಟೀಚರಮ್ಮ, ಕಳಿಸ್ಲಾ, ಬೇಡ್ವಾ? ಇವಳು ಹೋದ್ರೆ ಇಲ್ಲಿಗೆ ಬೀಗ. ಹತ್ರದಲ್ಲಿ ಬೇರೆ ಶಾಲೆ ಇಲ್ಲ, ಆ ಒಂಬತ್ತು ಮಕ್ಕಳು ಎಲ್ಲಿಗೆ ಹೋಗ್ತಾವೆ? ನನ್ನ ಕೆಲ್ಸ ಹಾಳಾಗ್ಲಿ, ನನ್ನ ಓದು ಈಗಷ್ಟೇ ಒತ್ತಕ್ಷರಕ್ಕೆ ಬಂದಿತ್ತು..."

ಗುಬ್ಬಿ ಮೂಗು ಒರೆಸಿಕೊಂಡಳು. "ನಾನು ಹೋಗಲ್ಲ. ಚಿಕ್ಕೋರಿಗೆ ಮಗ್ಗಿ ಯಾರು ಹೇಳ್ಕೊಡ್ತಾರೆ?" ಎಂದವಳು ಉಸಿರೂ ಬಿಡದೆ ಕೇಳಿದಳು, "ಟೀಚರ್, ಅಲ್ಲಿ ಒಂದು ಕೋಣೆ ತುಂಬಾ ಬರೀ ಪುಸ್ತಕಾನೇ ಇದೆಯಂತೆ, ನಿಜಾನಾ?"

ಆ ಕಣ್ಣು ನೋಡಿದ ಮೇಲೆ ಇನ್ನೇನು ಹೇಳಲಿ?

"ಕಳಿಸಿ ಅಕ್ಕಾ" ಎಂದುಬಿಟ್ಟೆ.

ಅಕ್ಕ ಅಳಲಿಲ್ಲ, ಬೈಯಲೂ ಇಲ್ಲ. "ಹಾಗಾದ್ರೆ ಇವತ್ತಿನ ಅಡುಗೆ ಒಂದು ಮುಗಿಸ್ತೀನಿ" ಎಂದು ಚಪ್ಪರಕ್ಕೆ ಹೋದರು.

ಈಗ ಶಾಲೆಗೆ ಬೀಗ ಬಿದ್ದಿದೆ, ನನ್ನನ್ನು ಬೇರೆ ಊರಿಗೆ ಹಾಕಿದ್ದಾರೆ. ಮೊನ್ನೆ ಅತ್ತ ಹೋಗಿದ್ದೆ. ಬೆಳಿಗ್ಗೆ ವ್ಯಾನ್ ಬರುವ ಹೊತ್ತಿಗೆ ಆ ಒಂಬತ್ತು ಮಕ್ಕಳೂ ತಲೆ ಬಾಚಿಕೊಂಡು ರಸ್ತೆ ಬದಿಗೆ ಬಂದು ನಿಂತಿದ್ದವು. ಗುಬ್ಬಿ ಕಿಟಕಿಯಿಂದ ಕೈ ಬೀಸಿದಳು. ವ್ಯಾನ್ ಹೋದ ಮೇಲೂ ಮಕ್ಕಳು ಕದಲಲಿಲ್ಲ. ಒಬ್ಬಳು ನನ್ನ ಸೆರಗು ಹಿಡಿದು, "ಟೀಚರ್, ನಮ್ಮ ಸರದಿ ಯಾವಾಗ?" ಎಂದಳು.

ಹೇಳಿ, ಅಂದು ಅಡುಗೆ ಅಕ್ಕ ಸೌಟು ಹಿಡಿದು ನಿಮ್ಮ ಮುಂದೆ ನಿಂತಿದ್ದರೆ, ನೀವು ಏನು ಹೇಳುತ್ತಿದ್ದಿರಿ?