ಅಜ್ಜಿಯ ಬೋಗುಣಿಯ ಖಾಲಿ ಪುಟಗಳು

ದಾರಿ ಶುರುವಾಗುವ ಕಡೆ ಫರ್ ಮರಕ್ಕೆ ಹೊಡೆದ ಪೆಟ್ಟಿಗೆಯಲ್ಲಿ ಒಂದು ಪುಸ್ತಕವಿದೆ. ಬೆಟ್ಟ ಹತ್ತುವವರು ಹೆಸರು, ತಾರೀಕು, ಹೋಗುವ ಜಾಗ ಬರೆಯಬೇಕು. ಇಪ್ಪತ್ತು ಚಳಿಗಾಲ ನಾನು ಅದರ ಮುಂದೆಯೇ ಕಾಲಿಗೆ ಹಿಮದಲ್ಲಿ ಜಾರುವ ಸ್ಕೀ ಕಟ್ಟಿಕೊಂಡು ಹೋಗಿದ್ದೇನೆ, ಒಮ್ಮೆಯೂ ಬರೆದಿಲ್ಲ. ನಮ್ಮೂರಲ್ಲಿ ಯಾರೂ ಬರೆಯುವುದಿಲ್ಲ. ಬರೆದರೆ ಹೊರಗಿನವರಿಗೆ ಜಾಗ ತಿಳಿಯುತ್ತದೆ. ಶಿಖರದ ಕೆಳಗೆ ಬಟ್ಟಲಿನಂತೆ ತಗ್ಗಾಗಿರುವ ಆ ಇಳಿಜಾರಿಗೆ ಅಜ್ಜಿಯ ಬೋಗುಣಿ ಎಂದು ಹೆಸರು. ಅದನ್ನು ಹೋಟೆಲಿನಲ್ಲಿ ಕೂಡ ನಾವು ದನಿ ತಗ್ಗಿಸಿಯೇ ಹೇಳುತ್ತೇವೆ.

ಜನವರಿಯಲ್ಲಿ ಪಕ್ಕದ ಬೆಟ್ಟದ ರೆಸಾರ್ಟಿನವರು ಅರ್ಜಿ ಹಾಕಿದರು: ಬೋಗುಣಿಯೊಳಕ್ಕೆ ಜನರನ್ನು ತಂತಿಯ ಮೇಲೆ ಕೂರಿಸಿ ಎಳೆದೊಯ್ಯುವ ಎರಡು ಲಿಫ್ಟು, ತುದಿಯಲ್ಲೊಂದು ಊಟದ ಮನೆ. ಜಾಗ ಅವರದಲ್ಲ, ಸರ್ಕಾರಿ ಕಾಡು, ಅಂದರೆ ಎಲ್ಲರದು. ಅರ್ಜಿಯ ನಲವತ್ತೊಂದನೇ ಪುಟದಲ್ಲಿ ಒಂದು ಸಾಲಿತ್ತು. ಪೆಟ್ಟಿಗೆಯ ಪುಸ್ತಕದ ಪ್ರಕಾರ ಕಳೆದ ಚಳಿಗಾಲ ಇಲ್ಲಿಗೆ ಬಂದವರು ಹನ್ನೊಂದು ಮಂದಿ, ಅಂದರೆ ಯಾರೂ ಬಳಸದ ಜಾಗ. ಪುಸ್ತಕದ ಆ ಲೆಕ್ಕ ಸುಳ್ಳಲ್ಲ. ಆ ಖಾಲಿ ಪುಟಗಳನ್ನು ಅವರ ಕೈಗೆ ಕೊಟ್ಟವರು ನಾವೇ.

ನನ್ನ ಬಳಿ ಬೇರೆ ಪುಸ್ತಕಗಳಿದ್ದವು. ನಾನು ಶಾಲೆಯ ಬಸ್ ಓಡಿಸುವವಳು, ಮೊದಲಿನಿಂದಲೂ ಅಂಜುಬುರುಕಿ. ಇಳಿಜಾರಿಗೆ ಕಾಲಿಡುವ ಮೊದಲು ಎದೆಯುದ್ದದ ಗುಂಡಿ ತೋಡಿ ಹಿಮವನ್ನು ಪದರ ಪದರವಾಗಿ ನೋಡುತ್ತೇನೆ. ಅಡಿಯಲ್ಲೆಲ್ಲೋ ಸಡಿಲ ಪದರ ಕಂಡರೆ, ಮೇಲಿನ ಹಿಮ ಕುಸಿದೀತೆಂದು ಎಲ್ಲರನ್ನೂ ವಾಪಸು ಕರೆತರುತ್ತೇನೆ. ಕಂಡದ್ದನ್ನು ಬರೆದಿಡುತ್ತೇನೆ: ತಾರೀಕು, ಆಳ, ಜೊತೆಗಿದ್ದವರ ಹೆಸರಿನ ಮೊದಲ ಅಕ್ಷರ, ದಾರಿಯಲ್ಲಿ ಎದುರಾದವರ ಸಂಖ್ಯೆ. ಅಂಥ ಹತ್ತೊಂಬತ್ತು ನೋಟುಪುಸ್ತಕಗಳಿವೆ. ಕಳೆದ ಚಳಿಗಾಲದ ತಲೆಗಳನ್ನು ಮೂರು ಸಲ ಎಣಿಸಿದೆ. ಮೂರು ಸಲವೂ ಮುನ್ನೂರ ಆರೇ ಬಂತು. ಆದರೂ ಎಲ್ಲೋ ತಪ್ಪಿದ್ದೇನೆ ಅನ್ನಿಸುತ್ತಲೇ ಇತ್ತು.

ಅರ್ಜಿಯ ಬಗ್ಗೆ ಅರಣ್ಯ ಇಲಾಖೆ ಕರೆದ ಸಭೆಯಲ್ಲಿ ಇದನ್ನು ಓದಿ ಹೇಳುವ ಮುಂಚೆ ಜೊತೆಗಿದ್ದವರನ್ನು ಕೇಳಬೇಕಲ್ಲ. ಮೊದಲು ಲೈಲ್ ಟಾರ್ಗರ್‌ಸನ್ ಮನೆಗೆ ಹೋದೆ. ಎಪ್ಪತ್ತೊಂದು ವರ್ಷದ ಆತ ಮರ ಸಾಗಿಸುವ ಲಾರಿ ಓಡಿಸಿ ನಿವೃತ್ತನಾದವನು. ನನಗೆ ಬೋಗುಣಿ ತೋರಿಸಿದವನೇ ಅವನು. ಶೆಡ್ಡಿನಲ್ಲಿ ಸ್ಕೀಗೆ ಮೇಣ ತಿಕ್ಕುತ್ತಿದ್ದ.

"ಏನೇ ಹುಡುಗಿ, ಊರಿಗೆಲ್ಲ ಡಂಗುರ ಹೊಡೀತೀಯಂತೆ?" ಎಂದ. ಐವತ್ತು ಹತ್ತಿರ ಬಂದರೂ ಅವನಿಗೆ ನಾನು ಹುಡುಗಿಯೇ. "ನೀನು ಬಾಯಿ ಬಿಟ್ರೆ ಬರೋ ವರ್ಷ ಬಾಯ್ಸಿ ಪಟ್ಟಣದಿಂದ ಕಾರು ಸಾಲುಗಟ್ಟಿ ಬರ್ತವೆ. ನಾಯಿ, ಡ್ರೋನು, ಎಲ್ಲಾನೂ."

"ಬಾಯಿ ಮುಚ್ಕೊಂಡಿದ್ರೆ ಲಿಫ್ಟೇ ಬರುತ್ತೆ, ಲೈಲ್. ಕಾರಿನವರು ಸಾಯಂಕಾಲ ಮನೆಗಾದ್ರೂ ಹೋಗ್ತಾರೆ. ಕಬ್ಬಿಣದ ಕಂಬ ಹೋಗುತ್ತಾ?"

"ನನ್ನ ಹೆಸರು ಎತ್ತಬೇಡ."

"ಎತ್ತಲ್ಲ. ಆದ್ರೆ ಬೋಗುಣಿ ಹೆಸರು ಎತ್ತೇ ಎತ್ತುತೀನಿ."

"ಹಾಗಾದ್ರೆ ಬಾಗಿಲು ಹಾಕ್ಕೊಂಡು ಹೋಗು. ಚಳಿ ಬರ್ತಿದೆ."

ಗುರುವಾರ ಸಂಜೆ ಅಹವಾಲು ಸಭೆ. ಅಗ್ನಿಶಾಮಕ ಠಾಣೆಯ ಲಾರಿಗಳನ್ನು ಹೊರಗೆ ನಿಲ್ಲಿಸಿ ಒಳಗೆ ಕುರ್ಚಿ ಹಾಕಿದ್ದರು. ಒಬ್ಬೊಬ್ಬರಿಗೆ ಮೂರು ನಿಮಿಷ. ನಾನು ಎದ್ದು ನಿಂತು, ಮೈಕಿನಲ್ಲಿ ಅಜ್ಜಿಯ ಬೋಗುಣಿ ಎಂದೆ. ಹಿಂದೆ ಯಾರೋ ಲೊಚಗುಟ್ಟಿದರು. ಕಳೆದ ಚಳಿಗಾಲದ ಪುಸ್ತಕವನ್ನು ಮೇಜಿನ ಮೇಲಿಟ್ಟು ಓದಿದೆ. ಫೆಬ್ರವರಿ ಒಂಬತ್ತು, ಗುಂಡಿಯ ಆಳ ಐದಡಿ, ಜೊತೆಗೆ ಎಲ್ ಮತ್ತು ಪಿ, ದಾರಿಯಲ್ಲಿ ಕಂಡವರು ಏಳು ಮಂದಿ. ಹೀಗೇ ಪುಟದ ಮೇಲೆ ಪುಟ.

ರೆಸಾರ್ಟಿನ ಮ್ಯಾನೇಜರ್ ಕೆಸ್ಲರ್ ತುಂಬ ಮರ್ಯಾದೆಯ ಮನುಷ್ಯ. "ಮೇಡಂ, ನೋಟುಪುಸ್ತಕ ಯಾರು ಬೇಕಾದ್ರೂ ಬರೀಬಹುದು. ಈ ಎಲ್ಲು, ಪೀ ಅಂದ್ರೆ ಯಾರು?"

"ಅವರು ಒಪ್ಪಿಲ್ಲ. ಹೇಳಲ್ಲ."

"ಹಾಗಾದ್ರೆ ಅವರು ಇದ್ದಾರೆ ಅಂತ ನಾವು ಹ್ಯಾಗೆ ನಂಬೋದು?"

ಮುನ್ನೂರ ಆರು ಮಂದಿಯಲ್ಲಿ ಅರ್ಧದಷ್ಟು ಅದೇ ಕೋಣೆಯಲ್ಲಿ ಕೂತು ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು. ನಾನು ಮತ್ತೆ ಪುಸ್ತಕ ತೆರೆದು, ನಿಲ್ಲಿಸಿದಲ್ಲಿಂದಲೇ ಓದತೊಡಗಿದೆ. ಸಮಯ ಇನ್ನೂ ಒಂದು ನಿಮಿಷವಿತ್ತು.

"ಸಾಕು ನಿಲ್ಸೇ." ಹಿಂದಿನ ಸಾಲಿನಲ್ಲಿ ಲೈಲ್ ಎದ್ದಿದ್ದ. "ಫೆಬ್ರವರಿ ಒಂಬತ್ತು ಅಂದ್ಲಲ್ಲ, ಆವತ್ತು ಈಯಮ್ಮ ಗುಂಡಿ ತೋಡೋವರೆಗೂ ನಲವತ್ತು ನಿಮಿಷ ಗಾಳೀಲಿ ನಿಂತಿದ್ದೆ. ಪುಸ್ತಕ ನಂಬಬೇಡಿ ಸ್ವಾಮಿ, ನನ್ನ ಕಾಲ್ಬೆರಳನ್ನ ಕೇಳಿ."

ಸಭೆ ನಕ್ಕಿತು. ಅವನು ನಗಲಿಲ್ಲ.

"ಆಮೇಲೆ, ಇವತ್ತು ಬೇಡ ಅಂತ ವಾಪಸು ಕರ್ಕೊಂಡು ಬಂದ್ಲು. ಕೆಳಗಿಳಿಯೋವರೆಗೂ ಬೈದೆ. ಮಾರನೇ ದಿನ ನೋಡಿದ್ರೆ ಇಡೀ ಇಳಿಜಾರು ಕುಸಿದು ಬಿದ್ದಿತ್ತು. ಎಲ್ಲು ನಾನೇ. ಟಾರ್ಗರ್‌ಸನ್. ಬರ್ಕೊಳ್ಳಿ."

ಪಿ ಅಂದರೆ ಅಂಚೆ ಕಚೇರಿಯ ಪರ್ಲ್. ತಲೆ ತಗ್ಗಿಸಿಯೇ ಕೂತಿದ್ದಳು. ಕಾಗದದಲ್ಲಿ ಬರೆದುಕೊಟ್ಟವರಿಗೆ ಮಾತ್ರ ಮುಂದೆ ಆಕ್ಷೇಪ ಎತ್ತುವ ಹಕ್ಕು, ಮುಂದಿನ ಶುಕ್ರವಾರ ಐದು ಗಂಟೆಯೇ ಕೊನೆ ಎಂದು ಅರಣ್ಯಾಧಿಕಾರಿ ಹೇಳಿದರು. ನಾನು ಬಾಗಿಲಲ್ಲಿ ನಿಂತು ನಮೂನೆ ಹಂಚಿದೆ. ಪರ್ಲ್ ನನ್ನ ಮುಖ ನೋಡದೆ ಒಂದನ್ನು ಕಿತ್ತುಕೊಂಡಳು. ಎರಡು ಹೆಜ್ಜೆ ಹೋದವಳು ತಿರುಗಿ ಬಂದು, "ನನ್ನ ಗಂಡಂಗೊಂದು ಕೊಡು," ಎಂದಳು.

ತೀರ್ಮಾನ ಬರುವುದು ಶರತ್ಕಾಲಕ್ಕೆ. ಗೆಲ್ಲುತ್ತೇವೋ ಇಲ್ಲವೋ, ನನಗೆ ಗೊತ್ತಿಲ್ಲ.

ಶನಿವಾರ ಬೆಳಿಗ್ಗೆ ಪೆಟ್ಟಿಗೆ ತೆರೆದೆ. ಪುಟದ ಮೇಲೆ ದಪ್ಪ ಅಕ್ಷರದಲ್ಲಿ ಎಲ್. ಟಾರ್ಗರ್‌ಸನ್. ಹೋಗುವ ಜಾಗ: ಅಜ್ಜಿಯ ಬೋಗುಣಿ. ಒತ್ತಿ ಬರೆದು ಪೆನ್ಸಿಲಿನ ಮೊನೆ ಮುರಿದಿದ್ದ. ನಾನು ಚಾಕು ತೆಗೆದು ಮೊನೆ ಮಾಡಿ ಅವನ ಕೆಳಗೆ ನನ್ನ ಹೆಸರು, ನೊರೀನ್ ಅರಿಯೆಟಾ ಎಂದು ಬರೆದೆ. ಜಾಗದ ಅಂಕಣಕ್ಕೆ ಬಂದಾಗ ಕೈ ಒಂದು ಕ್ಷಣ ನಿಂತಿತು. ಆಮೇಲೆ ಅದನ್ನೂ ಪೂರ್ತಿಯಾಗಿ ಬರೆದೆ.

ಮೇಲಿನ ತಿರುವಿನಿಂದ ಲೈಲ್ ಕೂಗಿದ. "ಬೇಗ ಬಾರೇ! ಇವತ್ತೂ ನಲವತ್ತು ನಿಮಿಷಾನಾ?"

"ಐವತ್ತು," ಎಂದು ಕೂಗಿ, ಸಲಿಕೆಯನ್ನು ಬೆನ್ನಿಗೆ ಬಿಗಿದುಕೊಂಡೆ.