ಕತ್ತಲ ತಟ್ಟೆಗಳ ಐವತ್ತೇಳು

ಟ್ಯೂಬ್‌ಲೈಟು ಒಮ್ಮೆ ಮಿಟುಕಿತು, ಅಥವಾ ಮಿಟುಕಿದ್ದು ನನ್ನ ಎಡಗಣ್ಣೋ, ಅದಕ್ಕೆ ಪೊರೆ ಬಂದಿರುವುದು ಆಫೀಸಿಗೆಲ್ಲ ಗೊತ್ತು, ಎದುರಿಗಿರುವ ಈ ಕಾಗದಕ್ಕೂ ಗೊತ್ತು — ದೃಷ್ಟಿದೋಷದಿಂದ ನನ್ನ ಎಣಿಕೆ ತಪ್ಪಿದೆ ಎಂದು ನನ್ನ ಹೆಸರಿನಲ್ಲೇ ಟೈಪ್ ಮಾಡಿದ್ದಾರೆ, ಕೆಳಗೆ ಸಹಿಗೆ ಜಾಗ, ಲ್ಯಾಬಿನ ಮುಖ್ಯಸ್ಥರು ಪೆನ್ನಿನ ಮುಚ್ಚಳವನ್ನೂ ತೆಗೆದಿಟ್ಟಿದ್ದಾರೆ, ಒಂದು ಸಹಿ ತಾನೇ ಅಮ್ಮಾ, ಕಣ್ಣು ಬೇಡದ ಕೆಲಸ ಯಾವುದಾದ್ರೂ ಕೊಡೋಣ ನಿಮಗೆ. ಕಣ್ಣು ಬೇಡದ ಕೆಲಸ. ಹತ್ತೊಂಬತ್ತು ವರ್ಷ ನಾನು ಸಾಕಿದ್ದೇ ಕಣ್ಣಿಲ್ಲದವನ್ನು, ಹೈಡ್ರಾ, ಸಿಹಿನೀರಿನ ಜೀವಿ, ದಾರದ ತುಂಡಿನಷ್ಟು ಮೈ, ತುದಿಗೆ ಐದಾರು ಎಳೆಯಂಥ ತೋಳು, ಕಣ್ಣಿಲ್ಲ, ಮಿದುಳಿಲ್ಲ, ಆದರೂ ಜೀವಕೋಶದಲ್ಲಿ ಆಪ್ಸಿನ್ ಎಂಬ ಪ್ರೋಟೀನು, ಬೆಳಕು ಬಿದ್ದರೆ ಅದು ಹಿಡಿದುಬಿಡುತ್ತದೆ, ಅದರ ನೆಂಟರೇ ನಮ್ಮ ಕಣ್ಣೊಳಗೂ ಇರುವುದು, ನನ್ನ ಪೊರೆಯ ಹಿಂದೆಯೂ. ನೀಲಿ ಬೆಳಕಿಗೆ ಮುದುಡುತ್ತದೆ, ಕೆಂಪನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ, ಅದಕ್ಕೇ ಕತ್ತಲೆ ಕೋಣೆಯಲ್ಲಿ ಮಂದ ಕೆಂಪು ದೀಪ, ಬಾಗಿಲಿಗೆ ಎರಡು ಪರದೆ, ಒಳಗೆ ಬರುವ ಮುಂಚೆ ಗಡಿಯಾರ, ಫೋನು ಹೊರಗಿನ ಡಬ್ಬಿಗೆ, ಯಾರೇ ಇರಲಿ. ಸೋಮವಾರ ಬೆಳಿಗ್ಗೆ ಆರು ಗಾಜಿನ ತಟ್ಟೆ, ಅರವತ್ತು ಹೈಡ್ರಾ, ಆಗಾಗ ಒಂದೊಂದು ತಾನಾಗಿ ಮುದುಡುವುದು ಸಹಜ, ಐವತ್ತೇಳು ಒಟ್ಟಿಗೆ ಮುದುಡುವುದು ಸಹಜವಲ್ಲ, ಬೆಳಕು ಬಿದ್ದರೆ ಮಾತ್ರ, ಐವತ್ತೇಳು ಎಂದೇ ಬರೆದೆ, ಕತ್ತಲಲ್ಲೇ ನಡೆಸಿದ ಒಂದು ವರ್ಷದ ಪ್ರಯೋಗ ಹಾಳಾಯ್ತಲ್ರೀ ಅಂದರು ಮುಖ್ಯಸ್ಥರು. ನಿನ್ನೆ ರಾತ್ರಿ ಅಕ್ಕ ಫೋನಿನಲ್ಲಿ, ಸಹಿ ಹಾಕಿ ಎದ್ದು ಬಾರೇ, ಹುಳಕ್ಕೋಸ್ಕರ ಕೆಲಸ ಕಳ್ಕೋತೀಯಾ, ಅದು ಹುಳ ಅಲ್ಲ ಅಕ್ಕಾ, ಏನೋ ಒಂದು, ನಿಂಗೇನು ಪೆನ್ಷನ್ ಕೊಡುತ್ತಾ ಅದು. ಕೊಡುವುದಿಲ್ಲ. ಸುಳ್ಳನ್ನೂ ಹೇಳುವುದಿಲ್ಲ. ಸೋಮವಾರ, ಕತ್ತಲೆ ಕೋಣೆ, ನಾನು ಬಲಗಣ್ಣನ್ನು ಭೂತಗನ್ನಡಿಗೆ ಒತ್ತಿ ಬಗ್ಗಿದ್ದೇನೆ, ಮುಖ್ಯಸ್ಥರು ನನ್ನ ಹೆಗಲ ಹಿಂದೆ, ಅವರ ಜೇಬಿನಲ್ಲಿ ಏನೋ ಗುರ್ರೆನ್ನುತ್ತದೆ, ಒಂದ್ನಿಮಿಷ ಅಮ್ಮಾ ಅರ್ಜೆಂಟ್ ಮೆಸೇಜು, ತಟ್ಟೆಯ ನೀರಿನ ಮೇಲೆ ನೀಲಿ ಚೌಕ — ಈಗ ಪೆನ್ನಿಗೆ ಮುಚ್ಚಳ ಹಾಕುತ್ತೇನೆ, ಕಾಗದವನ್ನು ಅವರತ್ತ ತಳ್ಳುತ್ತೇನೆ, ನಿಮ್ಮ ಫೋನಿನ ಬೆಳಕು ಅಂತ ಬರೀರಿ ಸರ್, ಈಗಲೇ ಸಹಿ ಹಾಕ್ತೀನಿ. ನಗುತ್ತಾರೆ, ಅದನ್ನ ನೋಡಿದ್ದು ಯಾರು, ನಿಮ್ಮ ಕಣ್ಣಾ? ನೋಡಿದವರು ಐವತ್ತೇಳು ಜನ ಸರ್. ಅವರ ಕೈ ಜೇಬಿನತ್ತ ಹೋಗಿ ಅರ್ಧಕ್ಕೇ ನಿಂತಿತು, ನನಗೆ ಕಾಣುತ್ತಿರುವುದು ಮಾತ್ರ ಸೋಮವಾರದ ನೀರು, ನೀರಿನ ಮೇಲೆ ನೀಲಿ ಚೌಕ, ತೋಳುಗಳನ್ನು ಒಳಗೆಳೆದುಕೊಂಡು ಸಾಸಿವೆಯಷ್ಟಾದ ಒಂದು ಚುಕ್ಕೆ, ಪಕ್ಕದಲ್ಲಿ ಇನ್ನೊಂದು, ನೀಲಿ ಚೌಕ, ಇನ್ನೊಂದು