ಕಲ್ಲಿಗೆ ಬಿಟ್ಟ ಹಿಡಿ ಜೋಳ

ಅನುಮಾನವಿಲ್ಲದೆ ಉಂಡದ್ದು ರುಕ್ಮವ್ವನಿಗೆ ಅರಗುತ್ತಿರಲಿಲ್ಲ. ಏಕಸಂಬಿ ಊರಿನ ಮೆಹರುಬಿಯ ಗಿರಣಿಯಲ್ಲಿ ಹಿಟ್ಟು ಬೀಸಿಸುವಾಗ ಅವಳ ಕಣ್ಣು ಮೆಹರುಬಿಯ ಕೈಮೇಲೆಯೇ ಇರುತ್ತಿತ್ತು. ಅವತ್ತು ಎರಡು ಬುಟ್ಟಿ ತಂದಿದ್ದಳು: ಈದ ಎಮ್ಮೆಗೆ ಮೆಂತ್ಯ, ಮನೆಗೆ ಜೋಳ. ಮೊದಲು ಮೆಂತ್ಯ ಬೀಸಿಸಿದಳು.

“ಕಲ್ಲು ಸ್ವಚ್ಛ ಆಗಲಿ, ಹಿಡಿ ಜೋಳ ಬಿಡಬೇ,” ಎಂದಳು ಮೆಹರುಬಿ. ಅದು ಎಲ್ಲ ಗಿರಣಿಗಳ ರೂಢಿ. ಆ ಹಿಟ್ಟನ್ನು ಪಕ್ಕಕ್ಕೆ ತೆಗೆಯುತ್ತಾರೆ.

“ಎಲ್ಲಾರ ಹಿಡಿ ಕೂಡಿಸಿದ್ರ ನಿನ್ನ ಮನೀ ರೊಟ್ಟಿ ಆಗ್ತಾವು. ನಾ ಒಂದ ಕಾಳೂ ಬಿಡಂಗಿಲ್ಲ!”

ಮನೆಯಲ್ಲಿ ಗಂಡ ಸತ್ತೆಪ್ಪ ಮೊದಲ ತುತ್ತನ್ನೇ ಉಗಿದ. “ಏನ್ ಕಹಿಬೇ ಇದು!”

ರುಕ್ಮವ್ವನಿಗೆ ತಕ್ಷಣ ಹೊಳೆಯಿತು. ಕಾಲೇಜಿನ ಮಾಸ್ತರರೊಬ್ಬರು ಕಲಿಸಿಕೊಟ್ಟಂತೆ ಮೆಹರುಬಿ ಹದಮಾಡಿದ ಹೊಂಗೆ ಎಣ್ಣೆಯನ್ನು ಡೀಸೆಲ್‌ಗೆ ಬೆರೆಸಿ ಎಂಜಿನ್ ಓಡಿಸುತ್ತಿದ್ದಳು. ಹೊಗೆಯ ವಾಸನೆಯೂ ಬದಲಾಗಿತ್ತು. ಹೊಂಗೆ ಕಹಿ, ಹಿಟ್ಟೂ ಕಹಿ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಹಿಟ್ಟಿಗೆ ಎಣ್ಣೆ ಸೇರಿದೆ ಎಂದು ಸಂಜೆಯೊಳಗೆ ಓಣಿಗೆಲ್ಲ ಸಾರಿದಳು.

“ಎಂಜಿನ್ ಹೊರಗ ಐತಿ, ಕಲ್ಲು ಒಳಗ ಅದಾವು. ನಡುವ ಕಲ್ಲು ತಿರುಗಸೂ ಪಟ್ಟಾ ಅಷ್ಟ. ಎಣ್ಣಿ ಹೆಂಗ ಬರ್ತೈತ್ರಿ?” ಎಂದು ಮೆಹರುಬಿ ಬಂದವರಿಗೆಲ್ಲ ತೋರಿಸಿದಳು. ಯಾರೂ ನಂಬಲಿಲ್ಲ. ವಾರದೊಳಗೆ ಗಿರಣಿ ಖಾಲಿಯಾಯಿತು. ಆ ಗಿರಣಿ ಬಿಟ್ಟರೆ ಅವಳ ಮನೆಗೆ ಬೇರೆ ಆಸರೆ ಇರಲಿಲ್ಲ.

ಕೊನೆಗೆ ಅವಳೇ ರುಕ್ಮವ್ವನ ಮನೆಗೆ ಬಂದಳು. “ಆ ಹಿಟ್ಟಿಂದ ಒಂದ ರೊಟ್ಟಿ ಕೊಡ, ತಿಂದ ನೋಡ್ತೇನಿ.”

ಮುರಿದು ಬಾಯಿಗಿಟ್ಟಳು. ಉಳಿದ ತುಂಡನ್ನು ಕೊಟ್ಟಿಗೆಯ ಎಮ್ಮೆಯ ಮುಂದೆ ಹಿಡಿದಳು. ಎಮ್ಮೆ ನಾಲಿಗೆ ಚಾಚಿ ಎಳೆದುಕೊಂಡು, ತನ್ನ ಮೆಂತ್ಯದ ಬೋಗುಣಿಯಲ್ಲೂ ಮೂತಿಯಿಟ್ಟಿತು. ಎರಡರಲ್ಲೂ ಒಂದೇ ಮೆಂತ್ಯದ ವಾಸನೆ; ಕಲ್ಲಿಗಂಟಿದ್ದು ಜೋಳದ ಹಿಟ್ಟಿಗೆ ಬಂದಿತ್ತು. ರುಕ್ಮವ್ವ ನಾಚಿ ತಲೆ ತಗ್ಗಿಸಿದಳು. ತಾನು ಬಿಡದ ಆ ಒಂದು ಹಿಡಿಗಾಗಿ ಒಬ್ಬಳ ಅನ್ನಕ್ಕೇ ಕಲ್ಲು ಹಾಕಿದ್ದಳು.

ಮರುದಿನ ಬುಟ್ಟಿ ಹೊತ್ತು ಓಣಿಯ ನಡುವೆ ನಿಂತಳು. “ಎಣ್ಣಿದೇನೂ ತಪ್ಪಿಲ್ಲ. ಹಿಟ್ಟು ಕಹಿ ಮಾಡಿದಾಕಿ ನಾನ. ನಡೀರಿ ಗಿರಣಿಗೆ!” ನಾಲ್ಕಾರು ಹೆಂಗಸರು ಹಿಂದೆಯೇ ಹೊರಟರು.

ಎಂಜಿನ್ ಶುರುವಾಯಿತು. ರುಕ್ಮವ್ವ ತಾನೇ ಹಿಡಿ ಜೋಳ ಕಲ್ಲಿಗೆ ಬಿಟ್ಟಳು. ಮೆಹರುಬಿ ಆ ಹಿಟ್ಟು ಬಳಿದು ಅಂಗಳಕ್ಕೆ ಎರಚಿದಳು. ಕೋಳಿಗಳು ಮುಗಿಬಿದ್ದವು.

ರುಕ್ಮವ್ವ ಒಂದೊಂದೇ ಕೋಳಿ ಎಣಿಸಿದಳು. ತಡೆಯಲಾಗಲಿಲ್ಲ.

“ಮೆಹರುಬಿ, ಈ ಕೋಳಿ ಯಾರವು?”